ಕೀವು ಚೆಲ್ಲುವ ಮೊದಲು

ಕುತ್ತಿಗೆಯಲ್ಲಿ ಗಡ್ಡೆ ಎದ್ದವರು ನಮ್ಮ ಕರಾವಳಿಯಲ್ಲಿ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಮೊದಲು ಮನೆಮದ್ದಿನ ಲೇಪ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಗುಳಿಗೆ. ಅದಕ್ಕೂ ಇಳಿಯದಿದ್ದರೆ ಹತ್ತಿರದ ಡಾಕ್ಟರು, ಒಂದೆರಡು ಇಂಜೆಕ್ಷನ್, ಇನ್ನೊಂದು ಬಗೆಯ ಗುಳಿಗೆ. ಗಡ್ಡೆ ಹಣ್ಣಾಗಿ ಕೀವು ತುಂಬಿದಾಗ ಕೊಯ್ದು, ಕೀವು ತೆಗೆದು, ಡ್ರೆಸ್ಸಿಂಗ್ ಮಾಡಿ ಮನೆಗೆ ಕಳಿಸುತ್ತಾರೆ. ಗಾಯ ಮಾಯದೆ ಮತ್ತೆ ಸೋರತೊಡಗಿದರೆ ‘ಟಿ.ಬಿ. ಇರಬಹುದು’ ಎಂದು ಆರು ತಿಂಗಳ ಮಾತ್ರೆ ಶುರುವಾಗುತ್ತದೆ. ಅದಕ್ಕೂ ಜಗ್ಗದೆ ಜ್ವರ ಏರಿ, ರೋಗಿ ಸೊರಗಿ ಹೋದ ಮೇಲೆ ಆಂಬುಲೆನ್ಸ್ ಮಣಿಪಾಲದ ದೊಡ್ಡ ಆಸ್ಪತ್ರೆಯ ಕಡೆ ತಿರುಗುತ್ತದೆ.

ಇಷ್ಟು ಉದ್ದದ ದಾರಿಯಲ್ಲಿ ರೋಗದ ಗುರುತು ಒಮ್ಮೆ ಕೈಗೆ ಸಿಕ್ಕೇ ಇತ್ತು. ಗಡ್ಡೆ ಕೊಯ್ದ ದಿನ ಹೊರಬಂದ ಕೀವಿನಲ್ಲಿ ಅದು ಇತ್ತು. ಆ ಕೀವು ಹತ್ತಿಯ ಉಂಡೆಯ ಜೊತೆ ಕಸದ ಬಕೆಟ್ಟಿಗೆ ಹೋಯಿತು.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಓದುಗರಿಗೆ, ಇಲ್ಲಿನ ಡಾಕ್ಟರುಗಳಿಗೆ ಈ ವಾರ ಹೇಳಬೇಕಾದದ್ದು ಇದನ್ನೇ. ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಬರುವ ಅಪರೂಪದ ಬ್ಯಾಕ್ಟೀರಿಯಾ ಸೋಂಕುಗಳನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನಿಶ್ಚಯಿಸಲಾಗದು. ಕೀವು ಸರಿಯಾದ ಡಬ್ಬಿಯಲ್ಲಿ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಚೀಟಿಯೊಂದಿಗೆ ಲ್ಯಾಬು ತಲುಪಿದರೆ ಕೆಲವೇ ದಿನಗಳಲ್ಲಿ ಗೊತ್ತಾಗುವ ರೋಗ, ತಲುಪದಿದ್ದರೆ ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ.

ಮೊದಲು ಧೈರ್ಯದ ಮಾತು. ಕುತ್ತಿಗೆಯ ಗಡ್ಡೆಗಳಲ್ಲಿ ಬಹುಪಾಲು ಸಾಮಾನ್ಯ ಕಾರಣದವು. ಗಂಟಲು ನೋವು, ಹುಳುಕು ಹಲ್ಲು, ತಲೆಯ ಕುರ, ಇವುಗಳಿಂದ ದುಗ್ಧಗ್ರಂಥಿ ಊದಿಕೊಂಡು ಎರಡು ಮೂರು ವಾರಗಳಲ್ಲಿ ತಾನೇ ಇಳಿಯುತ್ತದೆ. ಇಳಿಯದಿದ್ದರೆ ನಮ್ಮ ದೇಶದಲ್ಲಿ ಡಾಕ್ಟರು ಟಿ.ಬಿ.ಯನ್ನು ನೆನೆಯುವುದು ಸರಿಯಾದದ್ದೇ. ಶ್ವಾಸಕೋಶ ಬಿಟ್ಟು ಬೇರೆಡೆ ಬರುವ ಕ್ಷಯದಲ್ಲಿ ಕುತ್ತಿಗೆಯ ಗ್ರಂಥಿಗಳದ್ದೇ ದೊಡ್ಡ ಪಾಲು. ವಯಸ್ಸಾದವರಲ್ಲಿ, ಕವಳ ಹಾಕುವವರಲ್ಲಿ, ಬೀಡಿ ಸೇದುವವರಲ್ಲಿ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಆದರೆ ಟಿ.ಬಿ.ಯನ್ನು ನೆನೆಯುವುದು ಬೇರೆ, ಟಿ.ಬಿ. ಎಂದು ಸಾಬೀತಾಗುವ ಮೊದಲೇ ಮಾತ್ರೆ ಶುರು ಮಾಡುವುದು ಬೇರೆ. ಆ ಎರಡರ ನಡುವೆ ಕೆಲವು ಅಪರೂಪದ ರೋಗಗಳು ನುಸುಳಿಕೊಳ್ಳುತ್ತವೆ. ಅವುಗಳಲ್ಲಿ ನಮ್ಮ ಕರಾವಳಿಗೆ ಅತಿ ಹತ್ತಿರದ್ದು ಮೆಲಿಯಾಯ್ಡೋಸಿಸ್.

ಮೆಲಿಯಾಯ್ಡೋಸಿಸ್ ತರುವ ಬ್ಯಾಕ್ಟೀರಿಯಾದ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ. ಅದರ ಮನೆ ಮಣ್ಣು ಮತ್ತು ನೀರು. 1911ರಲ್ಲಿ ರಂಗೂನಿನ ಆಸ್ಪತ್ರೆಯಲ್ಲಿ ಆಲ್‌ಫ್ರೆಡ್ ವಿಟ್‌ಮೋರ್ ಮತ್ತು ಅವರ ಭಾರತೀಯ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಮೊದಲು ಈ ರೋಗವನ್ನು ಗುರುತಿಸಿದರು. ಮರುವರ್ಷ ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಅದರ ವಿವರ ಪ್ರಕಟವಾಯಿತು. ನಮ್ಮವರೊಬ್ಬರ ಕೈ ಸೇರಿ ಪತ್ತೆಯಾದ ರೋಗ ನಮ್ಮ ನೆಲದಲ್ಲಿ ಬಹುಕಾಲ ಹೆಸರಿಲ್ಲದೆ ಉಳಿಯಿತು. ಮುಂಬೈನ ಮಗುವೊಂದರಲ್ಲಿ ಅದು ಕಂಡ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 1991ರಲ್ಲಿ. ಆಮೇಲೆ ಮಣಿಪಾಲ ಮತ್ತು ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜುಗಳ ವೈದ್ಯರು ಹುಡುಕಲು ಕಲಿತರು. ಹುಡುಕಿದಂತೆಲ್ಲ ಸಿಗುತ್ತಾ ಹೋಯಿತು. ಪಶ್ಚಿಮ ಕರಾವಳಿಯ 95 ರೋಗಿಗಳ ವಿವರವನ್ನು ಮಂಗಳೂರಿನ ವೈದ್ಯರು 2012ರಲ್ಲಿ ಪ್ರಕಟಿಸಿದರು. ಉಡುಪಿ ಆಸುಪಾಸಿನ ಮಣ್ಣಿನಲ್ಲೂ ಮಣಿಪಾಲದ ಸಂಶೋಧಕರಿಗೆ ಈ ಬ್ಯಾಕ್ಟೀರಿಯಾ ಸಿಕ್ಕಿದೆ. ಶಿರೂರು ದಾಟಿದರೆ ಭಟ್ಕಳ. ಉಡುಪಿಯಲ್ಲಿ ಸುರಿಯುವ ಮಳೆಯೇ ಇಲ್ಲೂ ಸುರಿಯುತ್ತದೆ, ಅಲ್ಲಿನಂಥ ಗದ್ದೆಗಳೇ ಇಲ್ಲೂ ಇವೆ. ಜಿಲ್ಲೆಯ ಗಡಿಗೆ ಬಂದು ಮಣ್ಣಿನ ಗುಣ ಬದಲಾಗುವುದಿಲ್ಲ.

ಯಾರಿಗೆ ಬರುತ್ತದೆ? ಬರಿಗಾಲಿನಲ್ಲಿ ಕೆಸರಿಗೆ ಇಳಿಯುವವರಿಗೆ, ನಾಟಿ ಮಾಡುವವರಿಗೆ, ತೋಟದ ಕಾಲುವೆ ಬಿಡಿಸುವವರಿಗೆ, ಮಣ್ಣು ಅಗೆಯುವವರಿಗೆ, ನೆರೆ ನೀರಿನಲ್ಲಿ ನಡೆದವರಿಗೆ. ಚರ್ಮದ ಸಣ್ಣ ಗಾಯದ ಮೂಲಕ, ಕುಡಿಯುವ ನೀರಿನ ಮೂಲಕ, ಬಿರುಮಳೆಯಲ್ಲಿ ಉಸಿರಿನ ಮೂಲಕವೂ ಅದು ಒಳಗೆ ಹೋಗಬಲ್ಲದು. ಆರೋಗ್ಯವಂತರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಶುಗರ್ ಇರುವವರನ್ನು ಅದು ಹಿಡಿಯುತ್ತದೆ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಧುಮೇಹಿಗಳು. ಮೂತ್ರಪಿಂಡದ ತೊಂದರೆ ಇರುವವರು, ವಿಪರೀತ ಕುಡಿಯುವವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರು ಆಮೇಲಿನ ಸಾಲಿನಲ್ಲಿ ಬರುತ್ತಾರೆ. ಸಾಮಾನ್ಯವಾಗಿ ಸೋಂಕು ತಗುಲಿದ ಮೂರು ವಾರದೊಳಗೆ ರೋಗ ಕಾಣಿಸಿಕೊಂಡರೂ, ಅಪರೂಪಕ್ಕೆ ವರ್ಷಗಟ್ಟಲೆ ಒಳಗೇ ಅಡಗಿದ್ದು ಏಳುವುದೂ ಉಂಟು. ಹೀಗಾಗಿ ‘ಈ ವರ್ಷ ಗದ್ದೆಗೆ ಇಳಿದೇ ಇಲ್ಲ’ ಎಂಬ ಮಾತಿನಿಂದ ಅನುಮಾನ ಪೂರ್ತಿ ತೀರುವುದಿಲ್ಲ.

ಈ ರೋಗ ಶ್ವಾಸಕೋಶ, ಯಕೃತ್ತು, ಗುಲ್ಮ, ಮೂಳೆ, ಚರ್ಮ ಹೀಗೆ ಎಲ್ಲಿ ಬೇಕಾದರೂ ಕೀವು ಕಟ್ಟಿಸಬಲ್ಲದು. ತಲೆ–ಕುತ್ತಿಗೆಗೆ ಬಂದಾಗ ಅದು ಎರಡು ವೇಷ ಹಾಕುತ್ತದೆ. ದೊಡ್ಡವರಲ್ಲಿ ಕುತ್ತಿಗೆಯ ದುಗ್ಧಗ್ರಂಥಿ ಊದಿ, ಮೆತ್ತಗಾಗಿ, ಒಡೆದು ಸೋರುತ್ತದೆ. ಥೇಟ್ ಟಿ.ಬಿ. ಮಕ್ಕಳಲ್ಲಿ ಕಿವಿಯ ಬುಡದ ಜೊಲ್ಲು ಗ್ರಂಥಿ, ಅಂದರೆ ಪರೋಟಿಡ್, ಒಂದೇ ಬದಿಗೆ ಊದಿಕೊಳ್ಳುತ್ತದೆ. ಮನೆಯವರು ಮಂಗನಬಾವು ಎಂದುಕೊಳ್ಳುತ್ತಾರೆ. ಥಾಯ್ಲೆಂಡಿನಲ್ಲಿ ಮೆಲಿಯಾಯ್ಡೋಸಿಸ್ ಬಂದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಹೀಗೆ ಪರೋಟಿಡ್‌ನಲ್ಲೇ ಕೀವು ಕಟ್ಟುತ್ತದೆ ಎಂಬುದು ಅಲ್ಲಿನ ವೈದ್ಯರ ಅನುಭವ. ಮಂಗನಬಾವಿನಲ್ಲಿ ಕೀವಾಗುವುದಿಲ್ಲ, ಅದು ಒಂದು ವಾರ ಹತ್ತು ದಿನಕ್ಕೆ ಇಳಿಯುತ್ತದೆ. ಮಗುವಿನ ಒಂದೇ ಕೆನ್ನೆ ಊದಿ, ಕೆಂಪಾಗಿ, ಜ್ವರ ಬಿಡದೆ, ಬಾವು ಮೆತ್ತಗಾಗುತ್ತಾ ಬಂದರೆ ಅದಕ್ಕೆ ಸೂಜಿ ಹಾಕಿ ಕೀವು ತೆಗೆದು ನೋಡಲೇಬೇಕು.

ಇನ್ನು ಲ್ಯಾಬಿನೊಳಗೆ ಏನು ನಡೆಯುತ್ತದೆ ಎಂದು ನೋಡೋಣ. ತಪ್ಪುವುದೂ ಅಲ್ಲೇ, ಸಿಗುವುದೂ ಅಲ್ಲೇ.

ಕೀವಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಂಪಗಿನ ಸಣ್ಣ ಕಡ್ಡಿಗಳು ಕಾಣುತ್ತವೆ. ಎರಡು ತುದಿಗೆ ಬಣ್ಣ ಗಾಢವಾಗಿ ಹಿಡಿದು ನಡುವೆ ತಿಳಿಯಾಗಿರುವುದರಿಂದ ಅವು ಸೇಫ್ಟಿ ಪಿನ್ನಿನಂತೆ ತೋರುತ್ತವೆ. ಇದು ಸುಳಿವು ಮಾತ್ರ. ಉಳಿದ ಕೀವನ್ನು ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಗೀರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಡುತ್ತಾರೆ. ಒಂದೆರಡು ದಿನದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹೀಗೆ ಬೆಳೆಸಿ ನೋಡುವುದೇ ಕಲ್ಚರ್. ಮೊದಮೊದಲು ನುಣುಪಾಗಿರುವ ಅದರ ಗುಂಪುಗಳು ದಿನ ಕಳೆದಂತೆ ಒಣಗಿ ಸುಕ್ಕುಗಟ್ಟುತ್ತವೆ. ಸಂಶಯ ಇದೆಯೆಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರೆ ಲ್ಯಾಬಿನವರು ಆ್ಯಶ್‌ಡೌನ್ ಎಂಬ ವಿಶೇಷ ತಟ್ಟೆಯಲ್ಲೂ ಬೆಳೆಸುತ್ತಾರೆ. ಅದರಲ್ಲಿ ಜೆಂಟಾಮೈಸಿನ್ ಔಷಧ ಬೆರೆತಿರುವುದರಿಂದ ಬೇರೆ ಬ್ಯಾಕ್ಟೀರಿಯಾಗಳು ಹಿಂದೆ ಸರಿದು ಇದು ಎದ್ದು ಕಾಣುತ್ತದೆ.

ಎಡವುವುದು ಇಲ್ಲಿಂದ ಮುಂದೆ. ಇದನ್ನು ಹೆಚ್ಚು ಕಾಣದ ಲ್ಯಾಬಿನಲ್ಲಿ ತಟ್ಟೆ ನೋಡಿದವರು ‘ಸ್ಯೂಡೋಮೋನಾಸ್ ಜಾತಿಯದ್ದು’ ಎಂದೋ, ಹೊರಗಿನಿಂದ ಬಂದು ಸೇರಿದ ಕಲ್ಮಷ ಎಂದೋ ಬರೆದು ಮುಗಿಸಿಬಿಡಬಹುದು. ಗುರುತು ಹಿಡಿಯುವ ಯಂತ್ರಗಳೂ ಕೆಲವೊಮ್ಮೆ ಇದನ್ನು ಹತ್ತಿರದ ಸಂಬಂಧಿ ಎಂದು ತಪ್ಪು ಹೇಳುತ್ತವೆ. ತಪ್ಪಿಸಿಕೊಳ್ಳಲು ಸಣ್ಣ ಲ್ಯಾಬಿಗೂ ಎಟುಕುವ ಉಪಾಯವೊಂದಿದೆ. ಆಕ್ಸಿಡೇಸ್ ಪರೀಕ್ಷೆಗೆ ಒಪ್ಪುವ ಬ್ಯಾಕ್ಟೀರಿಯಾ ಎಂದು ಖಾತ್ರಿಯಾದ ಮೇಲೆ ತಟ್ಟೆಯ ಮೇಲೆ ಮೂರು ಔಷಧದ ಬಿಲ್ಲೆಗಳನ್ನು ಇಡಬೇಕು: ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಸಿಲಿನ್–ಕ್ಲಾವುಲನೇಟ್. ಮೊದಲೆರಡು ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಎಗ್ಗಿಲ್ಲದೆ ಬೆಳೆದು, ಮೂರನೆಯದರ ಸುತ್ತ ಮಾತ್ರ ಬೆಳೆಯದೆ ಖಾಲಿ ವೃತ್ತ ಬಿಟ್ಟರೆ ಮೆಲಿಯಾಯ್ಡೋಸಿಸ್ ಇದೆಯೆಂದೇ ಎಚ್ಚರಗೊಳ್ಳಬೇಕು. ಆಗ ಆ ತಟ್ಟೆಯನ್ನು ಸುರಕ್ಷಾ ಕ್ಯಾಬಿನೆಟ್ಟಿನಲ್ಲಿಟ್ಟು, ದೊಡ್ಡ ಕೇಂದ್ರಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಈ ಬಿಲ್ಲೆಗಳಿಗೆ ದೊಡ್ಡ ಯಂತ್ರ ಬೇಡ, ನೋಡುವ ಕಣ್ಣು ಬೇಕು.

ಎರಡನೆಯ ಎಡವಟ್ಟು ಸೂಜಿ ಪರೀಕ್ಷೆಯ ರಿಪೋರ್ಟಿನಲ್ಲಿದೆ. ಗಡ್ಡೆಗೆ ಸೂಜಿ ಹಾಕಿ ತೆಗೆದ ಜೀವಕೋಶಗಳಲ್ಲಿ ‘ಗ್ರಾನ್ಯುಲೋಮಾ’ ಎಂಬ ಉರಿಯೂತದ ಗಂಟು ಕಂಡರೆ ಟಿ.ಬಿ. ಎಂದು ತೀರ್ಮಾನಿಸುವುದು ರೂಢಿ. ಮೆಲಿಯಾಯ್ಡೋಸಿಸ್‌ನಲ್ಲೂ ಅಂಥದ್ದೇ ಗ್ರಾನ್ಯುಲೋಮಾ, ಅಂಥದ್ದೇ ಕೊಳೆತ ಅಂಗಾಂಶ ಕಾಣಬಹುದು. ಆದ್ದರಿಂದ ಅದೇ ಸೂಜಿಯಲ್ಲಿ ಬಂದದ್ದನ್ನು ಮೂರು ಪಾಲು ಮಾಡಬೇಕು. ಒಂದು ಪಾಲು ಪೆಥಾಲಜಿಗೆ, ಒಂದು ಸಾಮಾನ್ಯ ಕಲ್ಚರ್‌ಗೆ, ಇನ್ನೊಂದು ಟಿ.ಬಿ.ಯ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆಗೆ. ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಈ ಟಿ.ಬಿ. ಪರೀಕ್ಷೆ ಉಚಿತ, ಫಲಿತಾಂಶವೂ ಗಂಟೆಗಳ ಲೆಕ್ಕದಲ್ಲಿ ಸಿಗುತ್ತದೆ. ಮೂರೂ ರಿಪೋರ್ಟುಗಳು ಒಟ್ಟಿಗೆ ಬಂದಾಗ ಊಹೆಗೆ ಹೆಚ್ಚು ಜಾಗ ಉಳಿಯುವುದಿಲ್ಲ.

ಒಂದು ಕಲ್ಚರ್ ನೆಗೆಟಿವ್ ಬಂತೆಂದು ಕೈಬಿಡುವಂತೆಯೂ ಇಲ್ಲ. ರೋಗ ಇರುವವರಲ್ಲೂ ಕಲ್ಚರ್ ಪಾಸಿಟಿವ್ ಆಗುವುದು ನೂರರಲ್ಲಿ ಅರುವತ್ತರಷ್ಟು ಮಂದಿಗೆ ಎಂದು ಅಂದಾಜು. ಅನುಮಾನ ಬಲವಾಗಿದ್ದರೆ ಕೀವು, ರಕ್ತ, ಮೂತ್ರ, ಗಂಟಲಿನ ದ್ರವ ಎಲ್ಲವನ್ನೂ ಮತ್ತೆ ಕಳಿಸಬೇಕು. ಕುತ್ತಿಗೆಯಲ್ಲಿ ಕಂಡದ್ದು ಹೊಟ್ಟೆಯೊಳಗೂ ಇದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಯಕೃತ್ತು, ಗುಲ್ಮಗಳಲ್ಲಿ ಸಣ್ಣ ಸಣ್ಣ ಕೀವಿನ ಗೂಡುಗಳು ಕಂಡರೆ ಚಿತ್ರ ಸ್ಪಷ್ಟವಾಗುತ್ತದೆ.

ಹೆಸರು ಗೊತ್ತಾಗುವುದು ಯಾಕಿಷ್ಟು ಮುಖ್ಯ? ಔಷಧವೇ ಬೇರೆಯಾಗುವುದರಿಂದ. ನಾವು ಸಾಮಾನ್ಯವಾಗಿ ನುಂಗುವ ಆ್ಯಂಪಿಸಿಲಿನ್, ಮೊದಲ ತಲೆಮಾರಿನ ಸೆಫಾಲೋಸ್ಪೋರಿನ್ ಗುಳಿಗೆಗಳಾಗಲಿ, ಜೆಂಟಾಮೈಸಿನ್ ಇಂಜೆಕ್ಷನ್ ಆಗಲಿ ಮೆಲಿಯಾಯ್ಡೋಸಿಸ್‌ಗೆ ತಾಗುವುದಿಲ್ಲ. ಟಿ.ಬಿ. ಮಾತ್ರೆಯಿಂದ ಅದು ವಾಸಿಯಾಗುವುದಿಲ್ಲ. ಆಸ್ಪತ್ರೆಯಲ್ಲಿ ಕನಿಷ್ಠ 10ರಿಂದ 14 ದಿನ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಅನ್ನು ರಕ್ತನಾಳದ ಮೂಲಕ ಕೊಟ್ಟು, ಆಮೇಲೆ ಸುಮಾರು ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಗುಳಿಗೆ ತಪ್ಪದೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಬೇಗ ಪತ್ತೆ ಹಚ್ಚಿ, ಒಳ್ಳೆಯ ಐಸಿಯು ಸೌಲಭ್ಯ ಕೊಡುವ ಉತ್ತರ ಆಸ್ಟ್ರೇಲಿಯಾದಲ್ಲಿ ನೂರು ರೋಗಿಗಳಲ್ಲಿ ಸಾಯುವವರು ಹತ್ತರ ಆಸುಪಾಸು. ಸೌಲಭ್ಯವಿಲ್ಲದ ಕಡೆ ಅದು ನಲವತ್ತಕ್ಕೂ ಏರುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 1,65,000 ಮಂದಿಗೆ ಈ ರೋಗ ಬಂದು 89,000 ಮಂದಿ ಸಾಯುತ್ತಾರೆ ಎಂದು 2016ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದರ ದೊಡ್ಡ ಪಾಲು ದಕ್ಷಿಣ ಏಷ್ಯಾದ್ದು.

ಎರಡನೆಯ ಅಪರೂಪದ ಸೋಂಕು ಹೊರಗಿನಿಂದ ಬರುವುದೇ ಇಲ್ಲ, ನಮ್ಮ ಬಾಯಲ್ಲೇ ಇರುತ್ತದೆ. ಆ್ಯಕ್ಟಿನೋಮೈಸಿಸ್ ಎಂಬ ಬ್ಯಾಕ್ಟೀರಿಯಾ ಎಲ್ಲರ ಹಲ್ಲಿನ ಸಂದಿಯಲ್ಲೂ ತೆಪ್ಪಗಿರುತ್ತದೆ. ಹಲ್ಲು ಹುಳುಕಾದಾಗ, ಹಲ್ಲು ಕಿತ್ತಾಗ, ದವಡೆಗೆ ಪೆಟ್ಟು ಬಿದ್ದಾಗ ಅದಕ್ಕೆ ಒಳಗಿಳಿಯಲು ದಾರಿ ಸಿಗುತ್ತದೆ. ವಾರಗಳ ನಂತರ ದವಡೆಯ ಅಂಚಿನಲ್ಲಿ ಗಟ್ಟಿಯಾದ ಗಡ್ಡೆ ಏಳುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ನಿಧಾನಕ್ಕೆ ಚರ್ಮ ನೀಲಿಗೆಂಪಾಗಿ, ಅಲ್ಲಲ್ಲಿ ತೂತು ಬಿದ್ದು ಕೀವು ಸೋರುತ್ತದೆ. ಆ ಕೀವಿನಲ್ಲಿ ಬರಿಗಣ್ಣಿಗೆ ಕಾಣುವ ಹಳದಿ ಕಾಳುಗಳಿರಬಹುದು. ಡ್ರೆಸ್ಸಿಂಗ್ ಬಿಚ್ಚಿದಾಗ ಬಟ್ಟೆಗೆ ಅಂಟಿದ ಇಂಥ ಕಾಳನ್ನು ಗಮನಿಸಿ ಎತ್ತಿಟ್ಟ ನರ್ಸು ಅರ್ಧ ರೋಗನಿರ್ಣಯ ಮಾಡಿದಂತೆಯೇ. ಎರಡು ಗಾಜಿನ ಪಟ್ಟಿಗಳ ನಡುವೆ ಅದನ್ನು ಅರೆದು ಬಣ್ಣ ಹಾಕಿದರೆ ಕವಲೊಡೆದ ಎಳೆಗಳು ಕಾಣುತ್ತವೆ.

ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗದು. ಹತ್ತಿಯ ಕಡ್ಡಿಗೆ ಸವರಿ ಕಳಿಸಿದರೆ ದಾರಿಯಲ್ಲೇ ಸಾಯುತ್ತದೆ. ಕೀವನ್ನು ಸಿರಿಂಜಿಗೆ ಎಳೆದು, ಗಾಳಿ ಹೊರಹಾಕಿ, ಮುಚ್ಚಿ, ಫ್ರಿಜ್ಜಿಗೆ ಇಡದೆ ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಬೆಳೆಯಲು ಅದಕ್ಕೆ ಎರಡು ವಾರವೂ ಹಿಡಿಯಬಹುದು. ಎರಡನೆಯ ದಿನಕ್ಕೇ ‘ಏನೂ ಬೆಳೆದಿಲ್ಲ’ ಎಂದು ತಟ್ಟೆ ಎಸೆದರೆ ಅದು ಎಂದಿಗೂ ಸಿಗದು. ಸಿಕ್ಕರೆ ಚಿಕಿತ್ಸೆ ಹಳೆಯ ಪೆನಿಸಿಲಿನ್. ಆದರೆ ಹಲವು ತಿಂಗಳು ಬಿಡದೆ ಕೊಡಬೇಕು.

ಮೂರನೆಯದು ಕಿವಿಯದು. ಶುಗರ್ ಇರುವ ಅರುವತ್ತು ದಾಟಿದ ಅಜ್ಜ, ಅಜ್ಜಿಯರು ‘ರಾತ್ರಿ ಕಿವಿ ನೋವಿಗೆ ನಿದ್ದೆಯೇ ಇಲ್ಲ’ ಎಂದರೆ ಮನೆಯವರು ಬಿಸಿ ಎಣ್ಣೆ ಬಿಡಲು ಹೋಗಬಾರದು. ಕಿವಿಯ ಹೊರ ನಾಳದಲ್ಲಿ ಹಿಡಿದ ಸ್ಯೂಡೋಮೋನಾಸ್ ಸೋಂಕು ಮೂಳೆಯೊಳಗೆ ಇಳಿದು ತಲೆಬುರುಡೆಯ ಬುಡಕ್ಕೆ ಹಬ್ಬುವ ರೋಗವೊಂದಿದೆ. 1968ರಲ್ಲಿ ಅಮೆರಿಕದ ವೈದ್ಯ ಚಾಂಡ್ಲರ್ ಅದರ ಪೂರ್ಣ ಚಿತ್ರ ಕೊಟ್ಟರು. ಡಾಕ್ಟರು ಕಿವಿಯೊಳಗೆ ಬೆಳಕು ಹಾಕಿ ನೋಡಿದರೆ ಮೆದು ಮೂಳೆ, ಗಟ್ಟಿ ಮೂಳೆ ಸೇರುವಲ್ಲಿ ಕೆಂಪು ಮಾಂಸದ ಮೊಳಕೆ ಕಾಣುತ್ತದೆ. ಅದರ ಚೂರು ತೆಗೆದು ಬಯಾಪ್ಸಿಗೂ ಕಲ್ಚರ್‌ಗೂ ಕಳಿಸಬೇಕು, ಏಕೆಂದರೆ ಕಿವಿಯ ಕ್ಯಾನ್ಸರ್ ಕೂಡ ಹಾಗೆಯೇ ಕಾಣಬಹುದು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತೆಂದರೆ ಸೋಂಕು ಮುಖದ ನರಕ್ಕೆ ತಾಗಿದೆ ಎಂದರ್ಥ.

ಕಾಯಲು ಆಗದ ಎರಡು ಸ್ಥಿತಿಗಳನ್ನೂ ಹೇಳಿಬಿಡುತ್ತೇನೆ. ಹಲ್ಲು ನೋವಿನ ಬೆನ್ನಿಗೆ ಗಲ್ಲದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದಿ, ನಾಲಿಗೆ ಮೇಲೆದ್ದು, ಜೊಲ್ಲು ನುಂಗಲಾಗದಿದ್ದರೆ ಅದು ಲುಡ್‌ವಿಗ್ ಆ್ಯಂಜೈನಾ. ಉಸಿರು ಕಟ್ಟಲು ಗಂಟೆಗಳು ಸಾಕು. ಗಂಟಲು ನೋವು ವಾಸಿಯಾಗುತ್ತಾ ಬಂದ ಯುವಕನಿಗೆ ವಾರದ ನಂತರ ಚಳಿಜ್ವರ, ಕುತ್ತಿಗೆಯ ಒಂದು ಬದಿ ನೋವು, ಎದೆನೋವು ಒಟ್ಟಿಗೆ ಬಂದರೆ ಅದು 1936ರಲ್ಲಿ ಫ್ರಾನ್ಸಿನ ಆಂದ್ರೆ ಲೆಮಿಯರ್ ವಿವರಿಸಿದ ರೋಗವಾಗಿರಬಹುದು. ಕುತ್ತಿಗೆಯ ರಕ್ತನಾಳದಲ್ಲಿ ಸೋಂಕು ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸಿಡಿಯುತ್ತದೆ. ಇವೆರಡರಲ್ಲೂ ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ರಕ್ತದ ಕಲ್ಚರ್ ತೆಗೆದ ತಕ್ಷಣವೇ ಔಷಧ ಶುರುವಾಗಬೇಕು.

ನಮ್ಮ ಕಷ್ಟ ದೂರದ್ದು. ಭಟ್ಕಳದಿಂದ ಮಣಿಪಾಲ ಸುಮಾರು ತೊಂಬತ್ತು ಕಿ.ಮೀ., ಕುಮಟಾದಿಂದ ಇನ್ನೂ ಐವತ್ತಕ್ಕೂ ಹೆಚ್ಚು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತರು. ಆ ದುಃಖದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಗಟ್ಟಿಯಾಗಿ ಎದ್ದಿತು. ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವ ತನಕ ಮಾಡಬಹುದಾದ ಕೆಲಸವೊಂದು ಕಣ್ಣೆದುರಿಗೇ ಇದೆ. ರೋಗಿಯನ್ನು ಕಳಿಸುವ ಸ್ಥಿತಿ ಬರುವ ಮೊದಲೇ ಅವರ ಕೀವನ್ನು ಕಳಿಸಬಹುದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಟಿ.ಬಿ. ಕಾರ್ಯಕ್ರಮದಲ್ಲಿ ಕಫದ ಮಾದರಿಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವ ವ್ಯವಸ್ಥೆ ಈಗಾಗಲೇ ಉಂಟು. ಅದೇ ವ್ಯವಸ್ಥೆಯಲ್ಲಿ ಮೂರೂ ತಾಲೂಕು ಆಸ್ಪತ್ರೆಗಳ ಕೀವಿನ ಮಾದರಿಗಳೂ ವಾರವಿಡೀ ಹೋಗುವಂತಾಗಬೇಕು. ಜಿಲ್ಲಾ ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಟ್ಟಡ ಬೇಡ.

ಓದುಗರಲ್ಲಿ ನನ್ನ ಕೋರಿಕೆ ಕೆಲವೇ. ಮೂರು ವಾರ ದಾಟಿದ ಗಡ್ಡೆಗೆ ಮೆಡಿಕಲ್ ಶಾಪಿನ ಗುಳಿಗೆ ನುಂಗಬೇಡಿ. ಕಲ್ಚರ್‌ಗೆ ಕೊಡುವ ಮುನ್ನ ನುಂಗಿದ ಆ್ಯಂಟಿಬಯಾಟಿಕ್ ರೋಗವನ್ನು ಗುಣಪಡಿಸದೆ ಗುರುತನ್ನಷ್ಟೇ ಅಳಿಸಬಹುದು. ಡಾಕ್ಟರ ಮುಂದೆ ಕೂತಾಗ ಶುಗರ್ ಇರುವುದನ್ನು, ಗದ್ದೆಗೆ ಇಳಿದದ್ದನ್ನು, ಹಲ್ಲು ಕೀಳಿಸಿದ್ದನ್ನು, ಈವರೆಗೆ ನುಂಗಿದ ಗುಳಿಗೆಯ ಹೆಸರನ್ನು ಕೇಳದಿದ್ದರೂ ಹೇಳಿ. ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನಲ್ಲಿದ್ದಾರೆ. ಮಳೆಗಾಲದಲ್ಲಿ ಊರಿಗೆ ಬಂದು ಹೋದ ಮೇಲೆ ಅಲ್ಲಿ ಜ್ವರ, ಗಡ್ಡೆ ಕಾಣಿಸಿಕೊಂಡರೆ ಕರ್ನಾಟಕದ ಕರಾವಳಿಯಲ್ಲಿದ್ದೆವು ಎಂದು ಅಲ್ಲಿನ ಡಾಕ್ಟರಿಗೆ ಮರೆಯದೆ ತಿಳಿಸಲಿ. ಗಡ್ಡೆ ಕೊಯ್ಯುವ ದಿನ ‘ಡಾಕ್ಟ್ರೇ, ಕೀವನ್ನು ಕಲ್ಚರ್‌ಗೆ ಕಳಿಸುತ್ತೀರಾ?’ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಡಾಕ್ಟರುಗಳಲ್ಲಿ ಕೋರಿಕೆ ಒಂದೇ. ಮಾದರಿಯನ್ನೆಲ್ಲ ಫಾರ್ಮಾಲಿನ್‌ಗೆ ಹಾಕಬೇಡಿ, ಅದರಲ್ಲಿ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಒಂದು ಪಾಲನ್ನಾದರೂ ಶುದ್ಧವಾದ ಖಾಲಿ ಡಬ್ಬಿಯಲ್ಲಿಟ್ಟು, ಚೀಟಿಯ ಮೇಲೆ ‘ಮೆಲಿಯಾಯ್ಡೋಸಿಸ್ ಸಂಶಯ’ ಎಂದು ಎರಡು ಪದ ಬರೆಯಿರಿ.